ಸಲಹೆ ಕೊಡದವರ ಬಳಿ ಹೋಗಿ ಏನು ಪ್ರಯೋಜನ?

ಓದುಗರ ಪ್ರಶ್ನೆ, ಆಪ್ತಸಮಾಲೋಚಕರ ಉತ್ತರ

ಈ ಸಲದ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಸಂಶೋಧನೆಗೋ ಉನ್ನತ ವ್ಯಾಸಂಗಕ್ಕೋ ಊರು ಬಿಟ್ಟು ಬಂದವರ ಅಂಜಿಕೆ, ಒಂಟಿತನ. ಗುರುತು ಸಿಗದಂತೆ ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ.

● ರಾಯಚೂರು ಜಿಲ್ಲೆಯವಳು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಎರಡನೇ ವರ್ಷ. ಹತ್ತನೆಯ ತರಗತಿವರೆಗೆ ಕನ್ನಡ ಮೀಡಿಯಂ. ಲ್ಯಾಬ್ ಮೀಟಿಂಗಿನ ಹಿಂದಿನ ರಾತ್ರಿ ನಿದ್ದೆ ಹತ್ತುವುದಿಲ್ಲ, ನನ್ನ ಸರದಿ ಬಂದಾಗ ಬಾಯಿ ಒಣಗಿ ಧ್ವನಿ ನಡುಗುತ್ತದೆ. ಮೆಸ್ಸಿಗೆ ಎಲ್ಲರೂ ಉಂಡು ಹೋದ ಮೇಲೆ ಹೋಗುತ್ತೇನೆ. ಎಷ್ಟೋ ರವಿವಾರ ಯಾರ ಜೊತೆಗೂ ಒಂದು ಮಾತಾಡದೆ ಕಳೆದಿದೆ. ಆಪ್ತಸಮಾಲೋಚಕಿಯೊಬ್ಬರ ಬಳಿ ಎರಡು ಸಲ ಹೋದೆ. ಅವರು ಏನೂ ಹೇಳುವುದಿಲ್ಲ. ನಾನು ಹೇಳಿದ್ದನ್ನೇ ತಿರುಗಿಸಿ ಹೇಳುತ್ತಾರೆ, ಇಲ್ಲವೇ ಸುಮ್ಮನಿರುತ್ತಾರೆ. ಇದು 'ಪರ್ಸನ್ ಸೆಂಟರ್ಡ್ ಥೆರಪಿ' ಅಂತೆ. ಸಲಹೆ ಕೊಡದವರ ಬಳಿ ಹೋಗಿ ಏನು ಪ್ರಯೋಜನ? ಮೂರನೇ ಸಲ ಹೋಗಲೋ ಬೇಡವೋ?
— ಹೆಸರು ಬೇಡ, ಬೆಂಗಳೂರು

ಹೋಗಿ. ಆದರೆ ಈ ಸಲ ಕುಳಿತ ಕೂಡಲೇ ಒಂದು ಮಾತು ಹೇಳಿಬಿಡಿ: 'ನೀವು ಸುಮ್ಮನೆ ಕೂತಾಗ ನನಗೆ ವೈವಾಗೆ ಕೂತ ಹಾಗೆ ಆಗುತ್ತದೆ.' ಬಾಯಲ್ಲಿ ಬರುವುದಿಲ್ಲ ಎನಿಸಿದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ಓದಿ. ಅದನ್ನು ಕೇಳಿ ಅವರ ಮುಖ ಬಿಗಿದುಕೊಂಡರೆ ಬೇರೆಯವರನ್ನು ಹುಡುಕಬಹುದು. 'ಅಯ್ಯೋ, ನನಗೆ ಗೊತ್ತೇ ಆಗಲಿಲ್ಲ, ಇನ್ನಷ್ಟು ಹೇಳಿ' ಎಂದರೆ ನೀವು ಸರಿಯಾದ ಜಾಗಕ್ಕೇ ಬಂದಿದ್ದೀರಿ.

ಪರ್ಸನ್ ಸೆಂಟರ್ಡ್, ಅಂದರೆ ವ್ಯಕ್ತಿಕೇಂದ್ರಿತ ಚಿಕಿತ್ಸೆಯನ್ನು ಕಟ್ಟಿದವರು ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987). ಮನುಷ್ಯ ಬದಲಾಗಲು ಏನೇನು ಕೂಡಿಬರಬೇಕು ಎಂದು 1957ರ ಒಂದು ಲೇಖನದಲ್ಲಿ ಅವರು ಆರು ಷರತ್ತು ಹಾಕಿದರು. ಮೊದಲನೆಯದು, ಇಬ್ಬರ ನಡುವೆ ಸಂಪರ್ಕ ಏರ್ಪಟ್ಟಿರಬೇಕು. ಎರಡನೆಯದು, ಬಂದವರು ಒಳಗೊಂದು ಹೊರಗೊಂದಾಗಿ ಕಳವಳದಲ್ಲಿರಬೇಕು. ಅದು ನಿಮ್ಮ ಸ್ಥಿತಿಯೇ. ಮುಂದಿನ ಮೂರು ಆಪ್ತಸಮಾಲೋಚಕರಿಗೆ ಸೇರಿದ್ದು: ಅವರು ನಟಿಸದೆ ಇರಬೇಕು, ನಿಮ್ಮನ್ನು ಷರತ್ತಿಲ್ಲದೆ ಒಪ್ಪಿಕೊಳ್ಳಬೇಕು, ನಿಮ್ಮ ಅನುಭವವನ್ನು ನಿಮ್ಮ ಕಡೆಯಿಂದ ನೋಡಿ ಅರಿಯಬೇಕು. ಈ ಮೂರು ಎಲ್ಲರಿಗೂ ಬಾಯಿಪಾಠ. ಆರನೆಯದನ್ನು ಕಲಿತವರೂ ಮರೆಯುತ್ತಾರೆ. ಆ ಒಪ್ಪಿಗೆ, ಆ ಅರಿವು ಎದುರಿಗೆ ಕುಳಿತವರಿಗೆ ಸ್ವಲ್ಪವಾದರೂ ಮುಟ್ಟಬೇಕು. ನಿಮ್ಮಲ್ಲಿ ಕೈಕೊಟ್ಟಿರುವುದು ಇದೇ ಇರಬೇಕು. ಅವರು ಗೌರವದಿಂದ ಸುಮ್ಮನಿದ್ದಾರೆ, ನಿಮಗೆ ಅದು ಮಾರ್ಕ್ಸ್ ಹಾಕುವ ಮೌನವಾಗಿ ಕೇಳಿಸಿದೆ. ಹತ್ತು ಜನರ ನಡುವೆ ಅಂಜುವವರ ಜೊತೆ ಮೊದಲ ಎರಡು ಮೂರು ಭೇಟಿಗಳಲ್ಲಿ ಉದ್ದ ಮೌನ ಬಿಡಬಾರದು. ಬಿಟ್ಟರೂ 'ಇಲ್ಲಿ ಸುಮ್ಮನೆ ಕೂತರೂ ನಡೆಯುತ್ತದೆ, ನಾನು ಏನನ್ನೂ ಎಣಿಸುತ್ತಿಲ್ಲ' ಎಂದು ಬಾಯಿಬಿಟ್ಟು ಹೇಳಬೇಕು. ಅದನ್ನು ಹೇಳದಿದ್ದದ್ದು ಅವರ ಕಡೆಯ ಲೋಪ.

ಇನ್ನು ಸಲಹೆಯ ವಿಷಯ. ನಿಮ್ಮ ಒಂದು ವಾರವನ್ನೇ ನೋಡಿ. ಗೈಡ್ ನಿಮ್ಮ ರೀಡಿಂಗುಗಳನ್ನು ತೂಗುತ್ತಾರೆ, ಲ್ಯಾಬಿನವರು ಇಂಗ್ಲಿಷನ್ನು ತೂಗುತ್ತಾರೆ ಎಂದು ನಿಮಗೆ ಅನಿಸುತ್ತದೆ, ಊರಿಂದ ಫೋನ್ ಬಂದರೆ 'ಎಲ್ಲಿಗೆ ಬಂತು?' ಎಂಬ ಪ್ರಶ್ನೆ. ಯಾರೂ ತೂಗದ ಗಂಟೆ ಒಂದೂ ಇಲ್ಲ. ಇಂಥವರಿಗೆ ಸಲಹೆ ಕೊಟ್ಟರೆ ಅದೂ ಇನ್ನೊಂದು ಅಸೈನ್‌ಮೆಂಟ್ ಆಗುತ್ತದೆ. ಮಾಡಿದರೆ 'ಗುಡ್', ಮಾಡದಿದ್ದರೆ ಮುಂದಿನ ವಾರ ಭೇಟಿಯನ್ನೇ ತಪ್ಪಿಸುವುದು. 'ಹೀಗಿದ್ದರೆ ಮಾತ್ರ ನಿನಗೆ ಬೆಲೆ' ಎಂಬ ಷರತ್ತುಗಳನ್ನು ನಾವು ಚಿಕ್ಕಂದಿನಿಂದ ನುಂಗಿಕೊಂಡಿರುತ್ತೇವೆ ಎನ್ನುತ್ತಾರೆ ರೋಜರ್ಸ್. ನಮ್ಮ ಕಡೆ ಆ ಷರತ್ತುಗಳು ಯಾವುವೆಂದು ಬೇರೆ ಹೇಳಬೇಕಿಲ್ಲ: ಫಸ್ಟ್ ಕ್ಲಾಸ್ ಬಂದರೆ, ಎದುರು ಮಾತಾಡದಿದ್ದರೆ, ನಾಲ್ಕು ಜನ ನಗುವಂತೆ ನಡೆದುಕೊಳ್ಳದಿದ್ದರೆ. 'ಸಂಕೋಚದ ಹುಡುಗಿ, ತಾನಾಯ್ತು ತನ್ನ ಪಾಡಾಯ್ತು' ಎನ್ನುವುದು ನಮ್ಮಲ್ಲಿ ಹೊಗಳಿಕೆ. ಹಾಗಾಗಿ ಅಂಜಿಕೆ ಕಾಯಿಲೆಯ ಮಟ್ಟಕ್ಕೆ ಏರಿದರೂ ಮನೆಯವರ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ತೂಗದ ಗಂಟೆಯೊಂದು ಸಿಕ್ಕ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾವು ಹೇಳುವುದಿಲ್ಲ. ನೀವು ಬರೆದ ಲಕ್ಷಣಗಳು 'ಸೋಶಿಯಲ್ ಆಂಗ್ಸೈಟಿ'ಯ (ಜನರ ನಡುವೆ ಕಾಡುವ ಅತಿಯಾದ ಅಂಜಿಕೆ) ಕಡೆ ಬೊಟ್ಟು ಮಾಡುತ್ತವೆ. ಅದಕ್ಕೆ ಹೆಚ್ಚಿನ ಪುರಾವೆ ಇರುವುದು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಎಂಬ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಬೇರೆ ಪದ್ಧತಿಗೆ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ವಯಸ್ಕರಿಗೆ ಮೊದಲು ಸೂಚಿಸುವುದೂ ಅದನ್ನೇ. ಖಿನ್ನತೆಯ ವಿಷಯದಲ್ಲಿ ಲೆಕ್ಕ ಸ್ವಲ್ಪ ಬೇರೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 510 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರು ತಿಂಗಳ ಹೊತ್ತಿಗೆ ವ್ಯಕ್ತಿಕೇಂದ್ರಿತ ಚಿಕಿತ್ಸೆ ಸಿಬಿಟಿಗೆ ಏನೂ ಕಡಿಮೆಯಿರಲಿಲ್ಲ. ವರ್ಷದ ಹೊತ್ತಿಗೆ ಸಿಬಿಟಿ ಮುಂದಿತ್ತು. ಹಾಗಾದರೆ ನಿಮಗೆ ಯಾಕೆ ಇದನ್ನೇ ಮುಂದುವರಿಸಿ ಅನ್ನುತ್ತಿದ್ದೇವೆ? ಎರಡು ಕಾರಣ. ಭಯದ ಜಾಗಕ್ಕೆ ಹೆಜ್ಜೆ ಹೆಜ್ಜೆಯಾಗಿ ಹೋಗುವ ಅಭ್ಯಾಸ ಸಿಬಿಟಿಯ ಜೀವಾಳ, ಅದನ್ನು ಯಾರ ಮೇಲೂ ನಂಬಿಕೆಯಿಲ್ಲದ ಸ್ಥಿತಿಯಲ್ಲಿ ಶುರು ಮಾಡಿದವರು ನಡುವೆಯೇ ಬಿಡುತ್ತಾರೆ. ಎರಡನೆಯದು, ನಿಮ್ಮ ಒಂಟಿತನ ಬರೀ ಭಯದ ಫಲವಲ್ಲ. ಭಾಷೆ, ಊರು, ಇಷ್ಟು ದೂರ ಬಂದ ದಣಿವು ಎಲ್ಲ ಅದರಲ್ಲಿ ಕಲಸಿದೆ. ಅದನ್ನು ಬಿಡಿಸಲು ಕೇಳುವ ಕಿವಿ ಬೇಕು.

ಆದ್ದರಿಂದ ಹೀಗೆ ಮಾಡಿ. ವಾರಕ್ಕೊಂದರಂತೆ 50 ನಿಮಿಷದ ಆರು ಭೇಟಿ ಎಂದು ಗೊತ್ತು ಮಾಡಿಕೊಳ್ಳಿ. ಮೊದಲಲ್ಲೇ ಕಳವಳವನ್ನು ಅಳೆಯುವ ಜಿಎಡಿ-7 ಪ್ರಶ್ನಾವಳಿ ತುಂಬಿ. ಹಿಂದಿನ ಎರಡು ವಾರದ ಬಗ್ಗೆ ಏಳು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3, ಒಟ್ಟು 21. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ವಿವರವಾದ ತಪಾಸಣೆ ಬೇಕು. ಜೊತೆಗೆ ಖಿನ್ನತೆಗೆ ಪಿಎಚ್‌ಕ್ಯೂ-9. ಕಟ್ಟಾ ರೋಜರ್ಸ್‌ವಾದಿಗಳು ಇಂಥ ಅಳತೆಗೆ ಮೂಗು ಮುರಿಯುತ್ತಾರೆ. ನಮಗೆ ಅದು ಸರಿ ಕಾಣುವುದಿಲ್ಲ. ಆರನೆಯ ಭೇಟಿಯಲ್ಲಿ ಮತ್ತೆ ತುಂಬಿ. ಅಂಕಕ್ಕಿಂತ ಮುಖ್ಯವಾಗಿ, ಮಾತಿನ ರೀತಿ ಬದಲಾಗಿದೆಯೇ ನೋಡಿಕೊಳ್ಳಿ. ಶುರುವಿನಲ್ಲಿ ಎಲ್ಲರೂ ಹೊರಗಿನದನ್ನೇ ಹೇಳುತ್ತಾರೆ: ಗೈಡ್ ಹೀಗಂದರು, ಕಾಲಮ್ ಕೆಟ್ಟಿತು, ಫೆಲೋಶಿಪ್ ಬಂದಿಲ್ಲ. ಕೆಲವು ವಾರಕ್ಕೆ 'ಆಗ ನನಗೆ ಅಂಜಿಕೆಯಾಗಿತ್ತು' ಎಂದು ಕಳೆದುಹೋದ ಭಾವದ ಮಾತು ಬರುತ್ತದೆ. ಆಮೇಲೆ ಯಾವತ್ತೋ ಒಂದು ದಿನ 'ಈಗ ಇಲ್ಲಿ, ನಿಮ್ಮೆದುರು, ಗಂಟಲು ಕಟ್ಟುತ್ತಿದೆ' ಎನ್ನುತ್ತೀರಿ. ರೋಜರ್ಸ್ ಈ ದಾರಿಯನ್ನು ಏಳು ಹಂತವಾಗಿ ವಿವರಿಸಿದ್ದಾರೆ. ಅದರಲ್ಲಿ ಒಂದೆರಡು ಹಂತ ದಾಟಿದ್ದರೂ ಕೆಲಸ ನಡೆಯುತ್ತಿದೆ ಎಂದರ್ಥ. ಹಿಂದಿನ ಎರಡೂ ಸೇರಿ ಎಂಟು ಭೇಟಿಯಾದರೂ ಅಂಕವೂ ಅಲ್ಲೇ, ಮಾತೂ ಅಲ್ಲೇ ಇದ್ದರೆ 'ಸಿಬಿಟಿ ಗೊತ್ತಿರುವವರ ಬಳಿ ಕಳಿಸುತ್ತೀರಾ?' ಎಂದು ನೇರವಾಗಿ ಕೇಳಿ. ಒಳ್ಳೆಯ ಆಪ್ತಸಮಾಲೋಚಕರಿಗೆ ಅದು ಅವಮಾನವಲ್ಲ.

ಮೆಸ್ಸಿನ ವಿಷಯ ಒಂದಿದೆ. ತಡವಾಗಿ ಹೋಗುವುದು, ಕಿವಿಗೆ ಇಯರ್‌ಫೋನ್, ಮೂಲೆಯ ಕುರ್ಚಿ, ಮೀಟಿಂಗಿನಲ್ಲಿ ಹೇಳಬೇಕಾದ ವಾಕ್ಯವನ್ನು ಉರುಹೊಡೆಯುವುದು ಇವೆಲ್ಲ ಆ ಹೊತ್ತಿಗೆ ಭಯ ತಗ್ಗಿಸುತ್ತವೆ. ಆದರೆ 'ಇವು ಇದ್ದದ್ದರಿಂದ ಬಚಾವಾದೆ' ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ, ಮುಂದಿನ ಸಲ ಭಯ ಅಷ್ಟೇ ಇರುತ್ತದೆ. ಇದನ್ನು ಮುರಿಯಲು ಒಂದೇ ಸಲಕ್ಕೆ ರಶ್ಶಿನ ಮೆಸ್ಸಿಗೆ ನುಗ್ಗಬೇಡಿ. ಈಗ ಒಂಬತ್ತೂವರೆಗೆ ಹೋಗುತ್ತಿದ್ದರೆ ಒಂಬತ್ತಕ್ಕೆ ಹೋಗಿ, ಇಯರ್‌ಫೋನ್ ರೂಮಿನಲ್ಲಿ ಬಿಟ್ಟು. ಎದೆ ಡವಗುಟ್ಟಿದರೂ ಅದು ಇಳಿಯಲು ಶುರುವಾಗುವವರೆಗೆ ಏಳಬೇಡಿ. ಭಯ ಏರಿದ ತುದಿಯಲ್ಲೇ ಎದ್ದು ಬಂದರೆ ಓಡಿಬಂದದ್ದೇ ಪಾಠವಾಗುತ್ತದೆ. ವಾರಕ್ಕೆ ಮೂರು ನಾಲ್ಕು ಸಲ ಮಾಡಿ, ಸುಲಭವಾಯಿತು ಎನಿಸಿದ ಮೇಲೆ ಎಂಟೂವರೆ. ಯಾವ ಮೆಟ್ಟಿಲು, ಎಷ್ಟು ಎತ್ತರ ಎನ್ನುವುದನ್ನು ನೀವೇ ಆರಿಸಿಕೊಳ್ಳಬೇಕು. ವ್ಯಕ್ತಿಕೇಂದ್ರಿತ ಪದ್ಧತಿಗೂ ಇದಕ್ಕೂ ಜಗಳವಿಲ್ಲ, ಮೆಟ್ಟಿಲನ್ನು ಆಪ್ತಸಮಾಲೋಚಕಿ ಹೇರದಿದ್ದರೆ ಆಯಿತು.

ಇದರ ನಡುವೆ ಒಂದು ರಕ್ತಪರೀಕ್ಷೆ ಮಾಡಿಸಿ: ಥೈರಾಯ್ಡ್, ಹಿಮೋಗ್ಲೋಬಿನ್, ಬಿ-12. ಥೈರಾಯ್ಡ್ ಹೆಚ್ಚಾದಾಗಲೂ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ರಾತ್ರಿ ಲ್ಯಾಬಿನಲ್ಲಿ ಕುಡಿಯುವ ಕಾಫಿಯ ಲೆಕ್ಕವನ್ನೂ ಡಾಕ್ಟರಿಗೆ ಹೇಳಿ.

● ಎಂ.ಎಸ್ಸಿ. ಮನಃಶಾಸ್ತ್ರ, ಕೊನೆಯ ಸೆಮಿಸ್ಟರ್. ಇಂಟರ್ನ್‌ಶಿಪ್‌ನಲ್ಲಿ 'ರಿಫ್ಲೆಕ್ಷನ್' (ಎದುರಿನವರ ಮಾತನ್ನು ಅರಿತು ಮರಳಿಸುವುದು) ಮಾಡಲು ಹೋದರೆ ಗಿಳಿಪಾಠವಾಗುತ್ತದೆ. ಎದುರಿನವರಿಗೂ ಕಿರಿಕಿರಿ. ಎಲ್ಲಿ ತಪ್ಪುತ್ತಿದ್ದೇನೆ?
— ಧಾರವಾಡ

ಒಂದೇ ಮಾತನ್ನು ಹಿಡಿದು ನೋಡೋಣ. ಸಂಶೋಧನಾ ವಿದ್ಯಾರ್ಥಿನಿ ಹೇಳುತ್ತಾಳೆ: 'ಇವತ್ತೂ ಲ್ಯಾಬ್ ಮೀಟಿಂಗಲ್ಲಿ ಏನೂ ಮಾತಾಡ್ಲಿಲ್ಲ ಮೇಡಂ. ಎಲ್ಲರೂ ನನ್ನ ದಡ್ಡಿ ಅಂದ್ಕೊಂಡಿರ್ತಾರೆ.'

'ಛೆ, ಹಾಗೇನಿಲ್ಲ, ಜೆಆರ್‌ಎಫ್ ಫೆಲೋಶಿಪ್ ತಗೊಂಡೋರು ದಡ್ಡರಾಗ್ತಾರಾ?' ಎನ್ನುವುದು ಪ್ರೀತಿಯ ಮಾತು, ಆದರೆ ಬಾಗಿಲು ಮುಚ್ಚಿತು. ಅವಳೀಗ ತನ್ನ ನೋವನ್ನು ಸಾಬೀತು ಮಾಡಬೇಕು, ಇಲ್ಲವೇ ನಕ್ಕು ಸುಮ್ಮನಾಗಬೇಕು. ಸುಮ್ಮನಾಗುತ್ತಾಳೆ, ಅಭ್ಯಾಸವಿದೆ. 'ಎಲ್ಲರೂ ನಿಮ್ಮನ್ನ ದಡ್ಡಿ ಅಂದ್ಕೊಂಡಿರ್ತಾರೆ ಅನ್ಸುತ್ತೆ, ಅಲ್ವಾ?' ಎನ್ನುವುದು ನೀವು ಹೇಳುವ ಗಿಳಿಪಾಠ. ಅವಳ ಪದಗಳನ್ನೇ ಅವಳ ಕೈಗಿಟ್ಟಿರಿ, ನೀವೇನೂ ಕೇಳಿಸಿಕೊಳ್ಳಲಿಲ್ಲ. 'ಚಿಕ್ಕಂದಿನಲ್ಲಿ ಮನೇಲಿ ಯಾರಾದ್ರೂ ಹಾಗೆ ಬೈತಿದ್ರಾ?' ಎಂದರೆ ಪತ್ತೇದಾರಿಕೆ. ಅವಳಿನ್ನೂ ಇವತ್ತಿನ ಮೀಟಿಂಗಿನಲ್ಲಿದ್ದಾಳೆ, ನೀವು ಇಪ್ಪತ್ತು ವರ್ಷ ಹಿಂದಕ್ಕೆ ಓಡಿದಿರಿ.

ಹೀಗೆ ಹೇಳಿ ನೋಡಿ: 'ಮೀಟಿಂಗ್ ಮುಗಿದಿದೆ, ಆದರೆ ಆ ಮೌನವನ್ನ ಅವರು ಹೇಗೆ ತಿಳ್ಕೊಂಡ್ರೋ ಅನ್ನೋದು ಇನ್ನೂ ಚುಚ್ತಾ ಇದೆ.'

ಅವಳು: 'ಚುಚ್ಚೋದಲ್ಲ ಮೇಡಂ... ನಾಚಿಕೆ.' ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾಚಿಕೆನೂ ಅಲ್ಲ. ಸಿಟ್ಟು. ಉತ್ತರ ನಂಗೆ ಗೊತ್ತಿತ್ತು.'

ನಿಮ್ಮ ಪದ ತಪ್ಪಾಯಿತು, ಕೆಲಸ ಸರಿಯಾಯಿತು. ರಿಫ್ಲೆಕ್ಷನ್ ಎಂದರೆ ಉತ್ತರವಲ್ಲ, 'ನಾನು ಹೀಗೆ ತಿಳಿದೆ, ಸರಿಯೇ?' ಎಂದು ಕೇಳುವ ಪರೀಕ್ಷೆ. ಅದನ್ನು ತಿದ್ದುವ ಧೈರ್ಯ ಅವಳಿಗೆ ಬಂತಲ್ಲ, ಅದನ್ನು ಗಮನಿಸಿ. ಯಾರೆದುರೂ 'ಅಲ್ಲ' ಎನ್ನದ ಹುಡುಗಿ ನಿಮ್ಮೆದುರು ಎರಡು ಸಲ 'ಅಲ್ಲ' ಎಂದಳು. ಆಗ 'ಓಹೋ, ಸಿಟ್ಟು' ಎಂದಷ್ಟೇ ಹೇಳಿ ನಿಲ್ಲಿ. ಯಾರ ಮೇಲೆ ಸಿಟ್ಟು ಎಂದು ಕೂಡಲೇ ಕೇಳಬೇಡಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಮುಂದಿನದು ಹೆಚ್ಚಿನ ಸಲ ಅವಳಿಂದಲೇ ಬರುತ್ತದೆ. ಅವಳು ನೆಲ ನೋಡುತ್ತ ಬೆರಳು ಹಿಸುಕಿಕೊಳ್ಳತೊಡಗಿದರೆ ಮಾತ್ರ ಮೌನವನ್ನು ನೀವೇ ಮುರಿಯಿರಿ. ಯೋಚಿಸುತ್ತ ಸುಮ್ಮನಿರುವುದು ಬೇರೆ, ಸಿಕ್ಕಿಹಾಕಿಕೊಂಡು ಸುಮ್ಮನಿರುವುದು ಬೇರೆ.

ನಮ್ಮ ಭಾಷೆಯನ್ನು ಬಳಸಿಕೊಳ್ಳಿ. ತರಗತಿಯಲ್ಲಿ ಕಲಿತ 'ಆಂಗ್ಸೈಟಿ' ಒಂದೇ ಪದ. ಕನ್ನಡದಲ್ಲಿ ಅಂಜಿಕೆ, ಅಳುಕು, ದಿಗಿಲು, ಕಳವಳ, ತಳಮಳ, ಮುಜುಗರ, ಸಂಕೋಚ ಎಲ್ಲ ಬೇರೆ ಬೇರೆ. 'ಗೈಡ್ ರೂಮಿಗೆ ಹೋಗುವಾಗ ಅಳುಕು, ಹೊರಗೆ ಬಂದ ಮೇಲೆ ತಳಮಳ' ಎಂದು ಬಿಡಿಸಿ ಹೇಳಿದರೆ ಎದುರಿನವರು ತಲೆ ಎತ್ತಿ ನೋಡುತ್ತಾರೆ. ಅವರು ಹುಬ್ಬಳ್ಳಿ ಕಡೆಯ ಮಾತಾಡಿದರೆ ನೀವು ಪಠ್ಯಪುಸ್ತಕದ ಕನ್ನಡಕ್ಕೆ ಏರಬೇಡಿ.

ಇನ್ನೊಂದು ತಪ್ಪು ಎಲ್ಲ ಹೊಸಬರದೂ. ಬೇಷರತ್ ಒಪ್ಪಿಗೆ ಎಂದರೆ ಎಲ್ಲಕ್ಕೂ ತಲೆಯಾಡಿಸುವುದು ಎಂದುಕೊಳ್ಳುತ್ತಾರೆ. 'ಮೂರು ವಾರದಿಂದ ಲ್ಯಾಬಿಗೇ ಹೋಗಿಲ್ಲ' ಎಂದು ಕೇಳಿ ನಿಮಗೆ ಗಾಬರಿಯಾದರೆ ಮುಖ ಅದನ್ನು ಹೇಳಿಬಿಡುತ್ತದೆ, ಬಾಯಿ ಬೇರೆ ಹೇಳಿದರೆ ಅಂಜುವವರಿಗೆ ಮೊದಲು ಕಾಣುವುದು ಆ ಬಿರುಕೇ. 'ನೀವು ಹೋಗದಿದ್ದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಇಷ್ಟು ದಿನ ನೀವೊಬ್ಬರೇ ಇದ್ದದ್ದು ಕೇಳಿ ಚಿಂತೆಯಾಯಿತು' ಎನ್ನಬಹುದು. ನಟಿಸದಿರುವುದು ಎಂದರೆ ಅದು. ಮನಸ್ಸಿಗೆ ಬಂದದ್ದೆಲ್ಲ ಒದರುವುದಲ್ಲ.

ಅಭ್ಯಾಸಕ್ಕೆ ನಿಮ್ಮ ಮಾತನ್ನೇ ರೆಕಾರ್ಡ್ ಮಾಡಿ, ಎದುರಿನವರ ಲಿಖಿತ ಒಪ್ಪಿಗೆ ಪಡೆದು. ಹತ್ತು ನಿಮಿಷದ ತುಣುಕನ್ನು ಅಕ್ಷರಕ್ಕಿಳಿಸಿ, ನಿಮ್ಮ ಒಂದೊಂದು ಮಾತಿನ ಮುಂದೆ ಪ್ರಶ್ನೆ, ಸಲಹೆ, ಸಮಾಧಾನ, ರಿಫ್ಲೆಕ್ಷನ್ ಎಂದು ಗುರುತು ಹಾಕಿ. ಮೊದಲ ಸಲ ಹೆಚ್ಚಿನವರಿಗೆ ಪ್ರಶ್ನೆಗಳೇ ತುಂಬಿರುವುದು ಕಾಣುತ್ತದೆ. ಆಮೇಲೆ ಮೇಲ್ವಿಚಾರಕರ ಜೊತೆ ಕುಳಿತು ಕೇಳಿ. ರೋಜರ್ಸ್ 1942ರ ಪುಸ್ತಕದಲ್ಲಿ ಒಬ್ಬ ವ್ಯಕ್ತಿಯ ಎಂಟು ಭೇಟಿಗಳ ಮಾತನ್ನು ರೆಕಾರ್ಡಿಂಗಿನಿಂದ ಅಕ್ಷರಶಃ ಅಚ್ಚು ಹಾಕಿದ್ದರು. ಗುಟ್ಟಿನ ಕೋಣೆಯ ವಿದ್ಯೆಯನ್ನು ಬೆಳಕಿಗೆ ಹಿಡಿದದ್ದು ಅವರ ದೊಡ್ಡ ಕೊಡುಗೆ ಎಂಬುದು ನಮ್ಮ ಅಭಿಪ್ರಾಯ.

● ಮಗ ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಾನೆ. ಮೂರು ವರ್ಷವಾಯಿತು, ಮುಗಿದಿಲ್ಲ. ಹಬ್ಬಕ್ಕೂ ಬರುವುದಿಲ್ಲ, ಫೋನಿನಲ್ಲಿ 'ಹ್ಞೂಂ, ಹ್ಞೂಂ' ಅಷ್ಟೇ. ಕೌನ್ಸೆಲಿಂಗ್‌ಗೆ ಹೋಗುತ್ತಿದ್ದಾನಂತೆ. ಅಲ್ಲಿ ಏನು ಮಾತಾಡುತ್ತಾನೆ ಎಂದು ಕೇಳಿದರೆ ಅವರು ಹೇಳಲಿಲ್ಲ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ನಮ್ಮ ಅಣ್ಣ ಹೇಳುತ್ತಾರೆ.
— ತಾಯಿ, ದಾವಣಗೆರೆ

ಅಮ್ಮ, ಅವರು ಹೇಳದಿದ್ದದ್ದೇ ಸರಿ. ಮಗ ವಯಸ್ಸಿಗೆ ಬಂದವನು. ಅವನ ಒಪ್ಪಿಗೆಯಿಲ್ಲದೆ ಮನೆಯವರಿಗೂ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡಬೇಕು ಎನ್ನುತ್ತದೆ. ಅವನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಂಡಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಆ ಗುಟ್ಟು ಸಡಿಲವಾಗುತ್ತದೆ.

ಮೂರು ವರ್ಷ ಎಂದರೆ ತಡವಾದದ್ದಲ್ಲ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಅವಧಿಯೇ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿ ಮಾಡಿಸಿದರೆ ಇನ್ನೂ ಎರಡು ವರ್ಷದವರೆಗೆ ಸಿಗಬಹುದು. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಕೆಲಸ ತೋರಿಸಬೇಕು. ವರ್ಷಕ್ಕೆ ಎರಡು ಸಲ ಆ ದಿಗಿಲು ಇದ್ದೇ ಇದೆ, ನೀವು ವಾರಕ್ಕೆ ಎರಡು ಸಲ ಕೇಳಬೇಕಾಗಿಲ್ಲ.

ಫೋನ್ ಮಾಡಿದಾಗ ಓದಿನ ಮಾತು ಒಂದು ತಿಂಗಳು ತೆಗೆಯಲೇಬೇಡಿ. 'ಅವರ ಮಗ ಎಷ್ಟು ಸಂಬಳ ತರುತ್ತಾನೆ' ಎಂಬುದು ಅಂತೂ ಬೇಡವೇ ಬೇಡ. ಮನೆಯ ಸುದ್ದಿ ಹೇಳಿ: ಮಳೆ ಬಂತೇ, ಹಸು ಕರು ಹಾಕಿತೇ, ರೊಟ್ಟಿಗೆ ಏನು ಪಲ್ಯ. ಅವನು 'ತಲೆ ಕೆಟ್ಟಿದೆ ಅಮ್ಮ' ಎಂದರೆ 'ಮನಸ್ಸಿಗೆ ಹಚ್ಕೋಬೇಡ' ಎನ್ನಬೇಡಿ; 'ಬಹಳ ಸುಸ್ತಾಗಿದ್ದೀಯ ಅನ್ಸುತ್ತೆ' ಎಂದು ನಿಲ್ಲಿ. ಅವನು ಮಾತಾಡದಿದ್ದರೂ ಫೋನ್ ಕಟ್ ಮಾಡಬೇಡಿ, ಇನ್ನೊಂದು ನಿಮಿಷ ಇರಿ. ಮದುವೆ ಚಿಕಿತ್ಸೆಯಲ್ಲ. ಹತ್ತು ಜನರ ಮುಂದೆ ಮಾತಾಡಲು ಅಂಜುವವನಿಗೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಠಿಣ ವೈವಾ ಇನ್ನೊಂದಿಲ್ಲ. ಅಣ್ಣನವರಿಗೆ ಇಷ್ಟು ಹೇಳಿ ಸಾಕು.

● ಅಮೆರಿಕದ ಕೊಲಂಬಸ್ಸಿನಲ್ಲಿ ಎಂ.ಎಸ್. ವಿದ್ಯಾರ್ಥಿ, ಊರು ಶಿವಮೊಗ್ಗ. ಚಳಿಗಾಲದಲ್ಲಿ ದಿನಗಟ್ಟಲೆ ರೂಮಿನಿಂದ ಹೊರಗೆ ಹೋಗುವುದಿಲ್ಲ. ಯೂನಿವರ್ಸಿಟಿ ಕೌನ್ಸೆಲರ್ ಒಳ್ಳೆಯವರು, ಆದರೆ ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ನನ್ನ ಕಷ್ಟ ಬೇರೆ ಯಾರದೋ ಅನಿಸುತ್ತದೆ. ಎರಡು ಕೋರ್ಸ್ ಬಿಡಬೇಕೆಂದಿದ್ದೇನೆ.
— ಓದುಗ

ಮೊದಲು ಕೊನೆಯದು. ಎಫ್-1 ವಿದ್ಯಾರ್ಥಿ ವೀಸಾದಲ್ಲಿದ್ದರೆ ಕೋರ್ಸ್ ಬಿಡುವ ಮುಂಚೆಯೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡುವ ಅಧಿಕಾರಿ) ಅನುಮತಿ ಪಡೆಯಬೇಕು. ಬಿಟ್ಟ ಮೇಲೆ ಕೇಳಿದರೆ ಸ್ಟೇಟಸ್ಸಿಗೇ ಕುತ್ತು. ಅನಾರೋಗ್ಯದ ಕಾರಣಕ್ಕೆ ಒಂದು ಪದವಿಯ ಮಟ್ಟದಲ್ಲಿ ಒಟ್ಟು 12 ತಿಂಗಳವರೆಗೆ ಕಡಿಮೆ ಕೋರ್ಸ್ ತೆಗೆದುಕೊಳ್ಳಲು ಅವಕಾಶವಿದೆ. ವೈದ್ಯರ ಅಥವಾ ಪರವಾನಗಿ ಇರುವ ಸೈಕಾಲಜಿಸ್ಟರ ಪತ್ರ ಬೇಕು. ಎಲ್ಲ ಕೌನ್ಸೆಲರರ ಪತ್ರವೂ ನಡೆಯುವುದಿಲ್ಲ. ಯಾರ ಸಹಿ ಬೇಕೆಂದು ಡಿಎಸ್‌ಒ ಬಳಿಯೇ ಕೇಳಿ.

ಭಾಷೆಯ ಬಗ್ಗೆ: ಮಾತು ಮೊದಲು ಕನ್ನಡದಲ್ಲೇ ಬರಲಿ. 'ಐ ವಿಲ್ ಸೇ ಇಟ್ ಇನ್ ಮೈ ಲ್ಯಾಂಗ್ವೇಜ್ ಫಸ್ಟ್' ಎಂದು ಹೇಳಿ, 'ಬೇಜಾರು' ಎನ್ನಿ. ಕೌನ್ಸೆಲರಿಗೆ ಅರ್ಥವಾಗದಿದ್ದರೂ ನಿಮ್ಮ ಮುಖ, ಧ್ವನಿ ಅವರಿಗೆ ಕಾಣುತ್ತದೆ. ಆಮೇಲೆ ಆ ಪದವನ್ನು ಇಬ್ಬರೂ ಸೇರಿ ಬಿಡಿಸಿ. ಬೇಜಾರು ಎಂದರೆ ಬೋರಿಂಗೂ ಅಲ್ಲ, ಸ್ಯಾಡೂ ಅಲ್ಲ ಎಂದು ವಿವರಿಸುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತದೆ. ಅಂದಹಾಗೆ, ರೋಜರ್ಸ್ 1940ರಲ್ಲಿ ಪ್ರಾಧ್ಯಾಪಕರಾಗಿ ಸೇರಿದ್ದು ನೀವಿರುವ ಊರಿನ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೇ. ಮೇಲೆ ಹೇಳಿದ 1942ರ ಪುಸ್ತಕ ಹೊರಬಂದದ್ದು ಅವರು ಅಲ್ಲಿದ್ದಾಗ.

ಅಲ್ಲಿನ ಅನೇಕ ಕ್ಯಾಂಪಸ್ ಕೇಂದ್ರಗಳು ಭೇಟಿಗಳ ಸಂಖ್ಯೆಗೆ ಮಿತಿ ಹಾಕುತ್ತವೆ. ನಿಮಗೆ ಎಷ್ಟು ಉಳಿದಿದೆ ಎಂದು ಈಗಲೇ ತಿಳಿದುಕೊಳ್ಳಿ. ರಜೆಗೆ ಊರಿಗೆ ಬಂದಾಗ ವೀಡಿಯೊದಲ್ಲಿ ಮುಂದುವರಿಸುತ್ತೇನೆ ಎಂದುಕೊಳ್ಳಬೇಡಿ. ಅವರ ಲೈಸೆನ್ಸ್ ಆಯಾ ರಾಜ್ಯಕ್ಕೆ ಸೀಮಿತ, ಹಲವರು ಹೊರದೇಶದಲ್ಲಿರುವವರೊಂದಿಗೆ ಮಾತಾಡುವಂತಿಲ್ಲ. ರಾತ್ರಿ ತಡೆಯಲಾಗದಷ್ಟು ಆದರೆ ಅಲ್ಲಿನ ಸಹಾಯವಾಣಿ 988ಕ್ಕೆ ಕರೆ ಅಥವಾ ಮೆಸೇಜ್ ಮಾಡಬಹುದು. ಚಳಿಗಾಲದಲ್ಲೇ ಇದು ಹೆಚ್ಚುತ್ತದೆಯೇ ಎಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಿ, ಬಿಸಿಲಿನ ಕೊರತೆಯಿಂದ ಬರುವ ಖಿನ್ನತೆಗೆ ಚಿಕಿತ್ಸೆ ಬೇರೆ ಇದೆ.

● ಮಾತ್ರೆ ತೆಗೆದುಕೊಂಡರೆ ಥೆರಪಿ ಕೆಡುತ್ತದೆಯೇ?
— ಕಲಬುರಗಿ

ಇಲ್ಲ. ಕಳವಳಕ್ಕೂ ಖಿನ್ನತೆಗೂ ಕೊಡುವ ಎಸಿಟಲೊಪ್ರಾಮ್, ಸರ್ಟ್ರಾಲಿನ್ ಥರದ ಮಾತ್ರೆಗಳ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸು, ಕಳವಳ ಹೆಚ್ಚಾಗುವುದು ಇರಬಹುದು, ಅಷ್ಟಕ್ಕೇ ಬಿಡುವವರು ಬಹಳ. ಸರಿಹೋಯಿತು ಎಂದು ತಟ್ಟನೆ ನಿಲ್ಲಿಸಬೇಡಿ, ಮನೋವೈದ್ಯರು ಹೇಳಿದಂತೆ ಇಳಿಸುತ್ತ ಬನ್ನಿ. ಸೆಮಿನಾರಿಗೆ ಮುಂಚೆ ಗೆಳೆಯರಿಂದ ಕಳವಳ ತಗ್ಗಿಸುವ ಆಲ್ಪ್ರಜೋಲಮ್ ಇಸಿದುಕೊಂಡು ನುಂಗುವ ಚಾಳಿ ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ, ಅದು ಅಭ್ಯಾಸ ಹಿಡಿಸುವ ಮಾತ್ರೆ. ದಿನವೂ ನುಂಗುತ್ತಿದ್ದರೆ ಅದನ್ನೂ ನೀವಾಗಿಯೇ ತಟ್ಟನೆ ಬಿಡಬಾರದು.

● ರೂಮ್‌ಮೇಟ್ ಹತ್ತು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. 'ನಾನಿಲ್ಲದಿದ್ದರೆ ಯಾರಿಗೂ ತೊಂದರೆ ಇರುವುದಿಲ್ಲ' ಎನ್ನುತ್ತಾಳೆ. ಕೇಳಿದರೆ ಇಲ್ಲದ್ದು ತಲೆಗೆ ಬಂದೀತೆಂದು ಭಯ.
— ಹಾಸ್ಟೆಲ್ ವಿದ್ಯಾರ್ಥಿನಿ, ತುಮಕೂರು

ಕೇಳಿದರೆ ಬರುವುದಿಲ್ಲ. ಇವತ್ತೇ ಕೇಳಿ, ನೇರವಾಗಿ: 'ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?' ಹೌದೆಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಗುಟ್ಟಾಗಿಡುವ ಮಾತು ಕೊಡಬೇಡಿ, ವಾರ್ಡನ್‌ಗೂ ಮನೆಯವರಲ್ಲಿ ಅವಳು ನಂಬುವ ಒಬ್ಬರಿಗೂ ತಿಳಿಸಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಇಬ್ಬರೂ ಕೂತು ಕರೆ ಮಾಡಿ. ಹಗಲೂ ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅಪಾಯ ಕೂಡಲೇ ಇದೆ ಎನಿಸಿದರೆ 112, ಇಲ್ಲವೇ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗ. ಈ ಹೊತ್ತಿನಲ್ಲಿ ವಾರಕ್ಕೊಂದು ಭೇಟಿಯ ಮಾತಿನ ಚಿಕಿತ್ಸೆಯೊಂದೇ ಸಾಲದು, ಮನೋವೈದ್ಯರು ನೋಡಬೇಕು.

● ಆಪ್ತಸಮಾಲೋಚಕರನ್ನು ಹೇಗೆ ಆರಿಸುವುದು? ಬೋರ್ಡು ಹಾಕಿದವರೆಲ್ಲ ಕೌನ್ಸೆಲರ್ ಆಗಿದ್ದಾರೆ.
— ಮಂಗಳೂರು

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಕೇಳಿ. ಆಪ್ತಸಮಾಲೋಚಕರಾದರೆ ಏನು ಓದಿದ್ದಾರೆ, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ, ಯಾವ ಪದ್ಧತಿ, ಫೀಸೆಷ್ಟು, ಭೇಟಿ ತಪ್ಪಿಸಿದರೆ ಏನು ಎಂದು ಫೋನಿನಲ್ಲೇ ಕೇಳಬಹುದು. ಕಾಲೇಜಿನವರೇ ನೇಮಿಸಿದವರಾದರೆ ಇನ್ನೊಂದು ಪ್ರಶ್ನೆ: 'ನಿಮ್ಮ ನೋಟ್ಸ್ ಯಾರು ಯಾರು ನೋಡುತ್ತಾರೆ?' ಗೈಡೋ ವಿಭಾಗದ ಮುಖ್ಯಸ್ಥರೋ ನೋಡುತ್ತಾರೆ ಎಂದರೆ ಅಲ್ಲಿಂದ ಎದ್ದು ಬನ್ನಿ. ಬೆಂಗಳೂರಿಗೆ ಹೋಗಿ ಬರಲು ಆಗುವುದಿದ್ದರೆ ನಿಮ್ಹಾನ್ಸ್ ಇದೆ. ನಿಮ್ಮ ಊರಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗವೂ ಇದೆ.

● ಕಳೆದ ವಾರ ಆಪ್ತಸಮಾಲೋಚಕರ ಮುಂದೆ ಜೋರಾಗಿ ಅತ್ತುಬಿಟ್ಟೆ. ಈಗ ಮತ್ತೆ ಮುಖ ತೋರಿಸಲು ನಾಚಿಕೆ. ಏನೋ ನೆಪ ಹೇಳಿ ತಪ್ಪಿಸಲೇ?
— ಸಂಶೋಧನಾ ವಿದ್ಯಾರ್ಥಿ, ಹಂಪಿ

ಬೇಡ. ಹೋಗಿ ಕೂತು, ಈಗ ನಮಗೆ ಬರೆದ ಎರಡನೇ ವಾಕ್ಯವನ್ನೇ ಅವರಿಗೆ ಹೇಳಿ.